ತಾರಸಿಗೆ ಕಾಯಂ ಶೇಡ್ ನೆಟ್: 39 ಡಿಗ್ರಿ ಬಿಸಿಲು ಎಷ್ಟು ವರ್ಷಕ್ಕೊಮ್ಮೆ?

ತಾರಸಿ ತೋಟದ ಗಿಡಗಳಿಗೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಕಾಯಂ ಶೇಡ್ ನೆಟ್ (ನೆರಳಿನ ಬಲೆ) ಕಟ್ಟಿಸುವಷ್ಟು ಖರ್ಚು ಮಾಡಬೇಕೇ, 2016ರಂಥ ಬಿಸಿಲು ಮತ್ತೆ ಬರುವ ಸಾಧ್ಯತೆ ಎಷ್ಟು ಎಂದು ನಮ್ಮ ಬಳಗದ ರಾಜಾಜಿನಗರದ ಸದಸ್ಯರು ಕೇಳಿದ್ದಾರೆ. ಆ ವರ್ಷದ ಏಪ್ರಿಲ್ 24ರಂದು ಬೆಂಗಳೂರು ನಗರ ಕೇಂದ್ರದಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು; 2024ರ ಏಪ್ರಿಲ್ 28ರಂದು 38.5. ತಿಂಗಳ ಸರಾಸರಿ ನೋಡಿ ಇದಕ್ಕೆ ಉತ್ತರ ಹೇಳಲಾಗದು.

ಹವಾಮಾನ ಇಲಾಖೆಯ ಯಾವುದಾದರೂ ಒಂದೇ ಕೇಂದ್ರದ ದಾಖಲೆ ತೆಗೆದುಕೊಂಡು, ಪ್ರತಿ ವರ್ಷದ ಅತ್ಯಧಿಕ ಉಷ್ಣಾಂಶವೊಂದನ್ನೇ ಆರಿಸಿ, ಕನಿಷ್ಠ 30 ವರ್ಷಗಳ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆಯಿರಿ. ನಗರ ಕೇಂದ್ರ, ಎಚ್‌ಎಎಲ್ ಮತ್ತು ದೇವನಹಳ್ಳಿ ವಿಮಾನ ನಿಲ್ದಾಣದ ಅಂಕಿಗಳನ್ನು ಒಂದೇ ಪಟ್ಟಿಗೆ ಸೇರಿಸಿದರೆ ಲೆಕ್ಕ ಕೆಡುತ್ತದೆ. ವರ್ಷಗಳ ಸಂಖ್ಯೆಗೆ ಒಂದು ಕೂಡಿಸಿ, ಅಂಕಿಯ ಸ್ಥಾನದಿಂದ ಭಾಗಿಸಿದರೆ ಅದು ಎಷ್ಟು ವರ್ಷಕ್ಕೊಮ್ಮೆ ಮೀರುವ ಮಟ್ಟ ಎಂಬ ಅಂದಾಜು ಸಿಗುತ್ತದೆ: ಮೂರನೆಯ ಸ್ಥಾನದಲ್ಲಿರುವುದಕ್ಕೆ 31 ಭಾಗಿಸು 3, ಅಂದರೆ ಸುಮಾರು 10 ವರ್ಷ. ಹತ್ತು ವರ್ಷಕ್ಕೊಮ್ಮೆ ಎಂದ ಮಾತ್ರಕ್ಕೆ ಒಮ್ಮೆ ಬಂದುಹೋದ ಮೇಲೆ ಒಂಬತ್ತು ವರ್ಷ ನಿಶ್ಚಿಂತೆಯಿಂದ ಇರಬಹುದೆಂದು ತಿಳಿಯಬಾರದು. ಪ್ರತಿ ಬೇಸಿಗೆಯಲ್ಲೂ ಸಾಧ್ಯತೆ ಶೇ. 10 ಇದ್ದೇ ಇರುತ್ತದೆ. ನೆಟ್ 5 ವರ್ಷ ಬಾಳುತ್ತದೆ ಎಂದುಕೊಂಡರೆ, ಅಷ್ಟರೊಳಗೆ ಒಮ್ಮೆಯಾದರೂ ಅಂಥ ಬಿಸಿಲು ಬರುವ ಸಾಧ್ಯತೆ ಶೇ. 41.

ಪಟ್ಟಿಯಲ್ಲೇ ಇಲ್ಲದ 40 ಡಿಗ್ರಿಯ ಬಗ್ಗೆ ಹೇಳಬೇಕಾದರೆ ಅಪರೂಪದ ಗರಿಷ್ಠಗಳನ್ನು ಅಂದಾಜಿಸುವ ಗುಂಬೆಲ್ ಸೂತ್ರ ಬಳಸುವವರಿದ್ದಾರೆ: ಪಟ್ಟಿಯ ಸರಾಸರಿಗೆ ಅದರ ಪ್ರಮಾಣಿತ ವಿಚಲನೆಯ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯ) 2.6 ಪಟ್ಟನ್ನು ಕೂಡಿಸಿದರೆ 50 ವರ್ಷಕ್ಕೊಮ್ಮೆ ಮೀರಬಹುದಾದ ಮಟ್ಟ ದೊರೆಯುತ್ತದೆ. ಆದರೆ ಉಷ್ಣಾಂಶಕ್ಕೆ ಸಾಮಾನ್ಯವಾಗಿ ಒಂದು ಮೇಲ್ಮಿತಿ ಇರುವುದರಿಂದ, ಬಹು ದೂರದ ಅವಧಿಗೆ ಈ ಸೂತ್ರ ಹೆಚ್ಚು ಹೇಳಿಬಿಡುತ್ತದೆ. ಇದಕ್ಕೆ ವಿರುದ್ಧ ದಿಕ್ಕಿಗೆ ಎಳೆಯುವ ಇನ್ನೊಂದು ಸಂಗತಿ ಎಂದರೆ, ಹವೆ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿರುವಾಗ ಹಳೆಯ ವರ್ಷಗಳ ಪಟ್ಟಿ ಇಂದಿನ ಸಾಧ್ಯತೆಯನ್ನು ಕಡಿಮೆ ತೋರಿಸುತ್ತದೆ. ಸರಾಸರಿ ಅರ್ಧ ವಿಚಲನೆಯಷ್ಟು ಮೇಲಕ್ಕೆ ಸರಿದರೂ ಸಾಕು, ಒಂದು ಮಟ್ಟವನ್ನು ಮೀರಲು ಮೊದಲು ಶೇ. 2.3 ಇದ್ದ ಸಾಧ್ಯತೆ, ಸಾಮಾನ್ಯ ವಿತರಣೆಯ (ಗಂಟೆಯಾಕಾರದ ರೇಖೆಯ) ಲೆಕ್ಕದಲ್ಲಿ, ಶೇ. 6.7ಕ್ಕೆ ಏರುತ್ತದೆ. ಹೀಗಾಗಿ ಅಂಕಿಗಳಲ್ಲಿ ಏರಿಕೆ ಕಂಡರೆ ಮೊದಲು ಅದನ್ನು ಸರಿಹೊಂದಿಸಿಕೊಳ್ಳಬೇಕು.

ಈ ಎಲ್ಲ ಅಂಕಿಗಳೂ ನೆಲದಿಂದ ಸುಮಾರು ಒಂದೂಕಾಲು ಮೀಟರ್ ಮೇಲೆ, ಬಿಳಿ ಬಣ್ಣದ ಜಾಲರಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಅಳೆದ ಗಾಳಿಯವು. ಮಧ್ಯಾಹ್ನ ನಿಮ್ಮ ಕಾಂಕ್ರೀಟ್ ತಾರಸಿ ಇದಕ್ಕಿಂತ ಎಷ್ಟೋ ಬಿಸಿಯಾಗಿರುತ್ತದೆ. ಉಪಗ್ರಹದ ನೆಲ ತಾಪಮಾನದ ನಕ್ಷೆ ಆ ಮೇಲ್ಮೈಯನ್ನೇ ತೋರಿಸುತ್ತದಾದ್ದರಿಂದ, ಅದರಲ್ಲಿ 45 ಕಂಡಿತೆಂದು 39.2ರ ದಾಖಲೆ ಮುರಿಯಿತು ಎನ್ನಲಾಗದು.

ನನ್ನ ಅಭಿಪ್ರಾಯದಲ್ಲಿ, ಹತ್ತು ವರ್ಷಕ್ಕೊಮ್ಮೆಯ ಬಿಸಿಲಿಗೆ ಐದು ವರ್ಷದಲ್ಲಿ ಶೇ. 41ರ ಸಾಧ್ಯತೆ ಕಡಿಮೆಯೇನಲ್ಲ, ಆದರೆ ಕಾಯಂ ಚೌಕಟ್ಟಿಗೆ ಅದು ಕಾರಣವಾಗಬೇಕಿಲ್ಲ. ಜೂನ್ ನಂತರ ಮೋಡ ಮುಚ್ಚಿದ ದಿನಗಳಲ್ಲಿ ಟೊಮೆಟೊ, ಮೆಣಸಿನಕಾಯಿಗೆ ಇರುವ ಬೆಳಕೂ ಸಾಲದಾಗುವುದರಿಂದ, ಮಾರ್ಚ್‌ನಿಂದ ಮೇವರೆಗೆ ಕಟ್ಟಿ ಬಿಚ್ಚಿಡಬಹುದಾದ ಶೇ. 50ರ (ಅರ್ಧ ಬೆಳಕನ್ನು ತಡೆಯುವ) ನೆಟ್ ತೆಗೆದುಕೊಳ್ಳಿ, ತಾರಸಿಯ ಬಿಸಿ ನೇರ ತಟ್ಟದಂತೆ ಗ್ರೋ ಬ್ಯಾಗ್‌ಗಳನ್ನು (ಗಿಡ ಬೆಳೆಸುವ ಚೀಲಗಳನ್ನು) ಇಟ್ಟಿಗೆಯ ಮೇಲೆ ಇರಿಸಿ.