ಕೊಪ್ಪಿ, ಬಾರ್ತಾಲಿ: ಇಬ್ಬರಲ್ಲಿ ದೊಡ್ಡ ಸೈಕ್ಲಿಸ್ಟ್ ಯಾರು?

ಇಬ್ಬರೂ ಇಟಲಿಯವರು. ಗೆಲುವನ್ನಷ್ಟೇ ಎಣಿಸಿದರೆ ಫೌಸ್ಟೊ ಕೊಪ್ಪಿ. ಇಟಲಿಯ ದೊಡ್ಡ ಸೈಕಲ್ ರೇಸ್ ಜಿರೊ ದಿ ಇಟಾಲಿಯಾ 5 ಸಲ, ಫ್ರಾನ್ಸಿನ ರೇಸ್ ಟೂರ್ ಡಿ ಫ್ರಾನ್ಸ್ 2 ಸಲ. ಜೀನೊ ಬಾರ್ತಾಲಿ ಗೆದ್ದಿದ್ದು 3 ಮತ್ತು 2.

ಆದರೂ ನನ್ನ ಓಟು ಬಾರ್ತಾಲಿಗೆ. ಅವರ ಎರಡು ಟೂರ್‌ಗಳು 1938, 1948ರವು. ನಡುವಿನ ಒಳ್ಳೆಯ ವರ್ಷಗಳನ್ನು ಎರಡನೇ ಮಹಾಯುದ್ಧ ತಿಂದುಹಾಕಿತು. (ಕೊಪ್ಪಿಯ ವರ್ಷಗಳನ್ನೂ ತಿಂದಿತು; ಅವರು ಯುದ್ಧಕೈದಿಯಾಗಿದ್ದರು.) ಆಗ ಬಾರ್ತಾಲಿ ಸುಮ್ನೆ ಕೂರಲಿಲ್ಲ. ಪ್ರಾಕ್ಟೀಸ್ ಅಂತ ಹೊರಟು, ಯಹೂದಿಗಳನ್ನು ಉಳಿಸುವ ನಕಲಿ ಗುರುತಿನ ಕಾಗದಪತ್ರಗಳನ್ನು ಸೈಕಲ್ಲಿನ ಕೊಳವೆಯೊಳಗೆ ಸುತ್ತಿಟ್ಟು ಸಾಗಿಸಿದರು. ಸಿಕ್ಕಿಬಿದ್ದಿದ್ದರೆ ಜೀವವೇ ಹೋಗುತ್ತಿತ್ತು. ನಮ್ಮ ವಿಜಯಪುರದಲ್ಲಿ ನಸುಕಿನಲ್ಲೇ ಸೈಕಲ್ ಹತ್ತುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ.

1952ರ ಟೂರ್‌ನ ಒಂದು ಫೋಟೊ ನೋಡಿ. ಏರುದಾರಿಯಲ್ಲಿ ಇಬ್ಬರ ಕೈಯೂ ಒಂದೇ ಬಾಟಲಿಯ ಮೇಲಿದೆ. ನೀರು ಕೊಟ್ಟವರು ಯಾರು ಅಂತ ಇಟಲಿಯಲ್ಲಿ ಇಂದಿಗೂ ವಾದ ನಡೆಯುತ್ತದೆ.