‘ಬ್ರಾಂಡಿ’ ಹಾಡಿನ ಹುಡುಗಿ ಯಾರು?

ಅಮೆರಿಕದ ಸಂಗೀತ ತಂಡ ಲುಕಿಂಗ್ ಗ್ಲಾಸ್‌ನ ‘ಬ್ರಾಂಡಿ’ ಹಾಡು ನ್ಯೂಜೆರ್ಸಿಯ ಮೇರಿ ಎಲ್ಲಿಸ್ ಎಂಬಾಕೆಯ ನಿಜಜೀವನದ ಕಥೆಯೇ ಎಂದು ತಾವು ಕೇಳಿದ್ದೀರಿ. ಅಲ್ಲ, ಆದರೆ ಆ ನಂಬಿಕೆ ಹುಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

1828ರಲ್ಲಿ ತೀರಿಕೊಂಡ ಮೇರಿ, ಮರಳಿ ಬಂದು ಮದುವೆಯಾಗುವೆನೆಂದು ಮಾತು ಕೊಟ್ಟು ಕಡಲಿಗೆ ಹೋದ ಕಪ್ತಾನನೊಬ್ಬನಿಗಾಗಿ ರಾರಿಟನ್ ನದಿಯ ದಡದಲ್ಲಿ ಕಾಯುತ್ತಿದ್ದಳೆಂಬ ಐತಿಹ್ಯ ನ್ಯೂ ಬ್ರನ್ಸ್‌ವಿಕ್ ಊರಿನಲ್ಲಿದೆ. ಆಕೆಯ ಸಮಾಧಿ ಇಂದು ಚಿತ್ರಮಂದಿರವೊಂದರ ವಾಹನ ನಿಲುಗಡೆಯ ನಡುವೆ ಉಳಿದುಕೊಂಡಿದೆ. ತಂಡ ರೂಪುಗೊಂಡದ್ದೂ ಅದೇ ಊರಿನ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ. ಹಾಡಿನಲ್ಲಿ ಬಂದರಿನ ಪಾನಗೃಹದ ಹುಡುಗಿಯೊಬ್ಬಳು, ತನಗಿಂತ ಕಡಲನ್ನೇ ಹೆಚ್ಚು ಪ್ರೀತಿಸಿದ ನಾವಿಕನನ್ನು ಮರೆಯಲಾರದೆ ಕೊರಗುತ್ತಾಳೆ. ಇವೆರಡನ್ನು ಕೇಳುಗರು ಬೆಸೆದುಬಿಟ್ಟರು.

ಹಾಡನ್ನು ಬರೆದು ಹಾಡಿದ ಎಲಿಯಟ್ ಲೂರಿ ಮಾತ್ರ ಇದು ಸಂಪೂರ್ಣ ಕಲ್ಪನೆಯೆಂದೇ ಹೇಳಿದ್ದಾರೆ. ಶಾಲಾದಿನಗಳ ಗೆಳತಿ ರ‍್ಯಾಂಡಿಯ ಹೆಸರನ್ನು ಗುನುಗುತ್ತಾ ಆರಂಭಿಸಿದ ಅವರು, ಆ ಹೆಸರು ಗಂಡಿಗೂ ಹೆಣ್ಣಿಗೂ ಸಲ್ಲುವುದರಿಂದ, ಪಾನಗೃಹದ ಕಥೆಗೆ ಹೊಂದುವಂತೆ ‘ಬ್ರಾಂಡಿ’ ಎಂದು ಬದಲಿಸಿದರು. ಬರೆದವರ ಮಾತಿಗಿಂತ ಊರಿನ ಐತಿಹ್ಯಕ್ಕೆ ಹೆಚ್ಚಿನ ತೂಕ ಕೊಡಲು ನನಗಂತೂ ಕಾರಣ ಕಾಣುವುದಿಲ್ಲ.

ಮೊದಲು ಗ್ರಾಮಫೋನ್ ತಟ್ಟೆಯ ಹಿಂಬದಿಗೆ, ಅಂದರೆ ಮುಖ್ಯವಲ್ಲದ ಬದಿಗೆ, ಸೇರಿದ್ದ ಈ ಹಾಡನ್ನು ವಾಷಿಂಗ್ಟನ್ನಿನ ರೇಡಿಯೋ ನಿರೂಪಕ ಹಾರ್ವ್ ಮೂರ್ ಮತ್ತೆ ಮತ್ತೆ ಪ್ರಸಾರ ಮಾಡಿದ ಮೇಲೆ ಬೇಡಿಕೆ ಏರಿತು. 1972ರ ಆಗಸ್ಟ್‌ನಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಗಾಯಕ ಬ್ಯಾರಿ ಮ್ಯಾನಿಲೋ ಅದೇ ಹೆಸರಿನ ಬೇರೊಂದು ಹಾಡನ್ನು 1974ರಲ್ಲಿ ‘ಮ್ಯಾಂಡಿ’ ಎಂದು ಬದಲಿಸಿ ಹಾಡಿದ್ದು ಇದರೊಂದಿಗೆ ಗೊಂದಲವಾಗದಿರಲೆಂದೇ.