ಅರ್ಧ ಗಂಟೆಯ ಹೊಲಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಲಿಗೆ ಬಾರದವರವಲ್ಲ. ಹೊಲಿಗೆ ಬಂದೂ ಕುಳಿತು ಹೊಲಿಯಲು ಬಿಡುವಿಲ್ಲದವರವು. ಆದ್ದರಿಂದ ಹೇಗೆ ಹೊಲಿಯಬೇಕು ಎಂಬುದರ ಜೊತೆಗೆ, ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಇಲ್ಲಿನ ಉತ್ತರಗಳಲ್ಲಿ ಹೇಳಿದ್ದೇವೆ.

ಪ್ರಶ್ನೆ: ನನಗೆ ನಾಲ್ಕು ಮತ್ತು ಏಳು ವರ್ಷದ ಇಬ್ಬರು ಮಕ್ಕಳು. ಮಗಳಿಗೆಂದು ಕತ್ತರಿಸಿಟ್ಟ ಫ್ರಾಕು ಮೂರು ತಿಂಗಳಿಂದ ಚೀಲದಲ್ಲೇ ಇದೆ. ದಿನಕ್ಕೆ ಹೆಚ್ಚೆಂದರೆ ಅರ್ಧ ಗಂಟೆ ಸಿಗುತ್ತದೆ, ಅದೂ ತುಂಡು ತುಂಡಾಗಿ. ಮುಗಿಸುವ ದಾರಿ ಇದೆಯೇ?
— ಇಬ್ಬರು ಮಕ್ಕಳ ತಾಯಿ

ಉತ್ತರ: ಮೊದಲು ಮಗಳನ್ನು ನಿಲ್ಲಿಸಿ ಮತ್ತೊಮ್ಮೆ ಅಳತೆ ತೆಗೆದುಕೊಳ್ಳಿ. ಮೂರು ತಿಂಗಳಲ್ಲಿ ಬಟ್ಟೆ ಹಾಗೆಯೇ ಇರುತ್ತದೆ, ಮಗು ಹಾಗೆಯೇ ಇರುವುದಿಲ್ಲ.

ಹೊಲಿಗೆಯ ಕೆಲಸಗಳೆಲ್ಲ ಒಂದೇ ಬಗೆಯವಲ್ಲ. ಉಡುಪು ಹೊಲಿಯುವಾಗ ನಡುವೆ ಎದ್ದುಹೋಗಲಾಗದ ಕೆಲಸ ಒಂದೇ, ಅದು ಕತ್ತರಿಸುವುದು. ಬಟ್ಟೆಯನ್ನು ಹಾಸಿ, ಅಂಚಿಗೆ ಸಮಾನಾಂತರವಾಗಿ ಹಾಸಿನ ಎಳೆ (ಬಟ್ಟೆಯ ಉದ್ದಕ್ಕೆ ಸಾಗುವ ಎಳೆ) ನೇರವಾಗಿದೆಯೇ ಎಂದು ನೋಡಿ, ಗುರುತು ಹಾಕಿ ಕತ್ತರಿ ಆಡಿಸುವಾಗ ಯಾರೋ ಕರೆದರೆಂದು ಎದ್ದು ಬಂದರೆ, ತಿರುಗಿ ಬರುವ ಹೊತ್ತಿಗೆ ಬಟ್ಟೆ ಜಾರಿರುತ್ತದೆ, ಇಲ್ಲವೇ ಮಗು ಅದರ ಮೇಲೆ ಕುಳಿತಿರುತ್ತದೆ. ಹಾಗಾಗಿ ಇದನ್ನು ಮಕ್ಕಳು ಮಲಗಿದ ಮೇಲೆ ಮಾಡಿ. ಒಮ್ಮೆ ಕುಳಿತಾಗ ಒಂದೇ ಬಣ್ಣದ ದಾರದಲ್ಲಿ ಹೊಲಿಯಬಹುದಾದ ಎರಡು ಮೂರು ಉಡುಪುಗಳನ್ನು ಒಟ್ಟಿಗೆ ಕತ್ತರಿಸಿಕೊಳ್ಳಿ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದುಂಟು. ಅದನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿಸಬೇಕು.

ಉಳಿದ ಕೆಲಸವನ್ನು ಯಂತ್ರದ್ದು, ಇಸ್ತ್ರಿಯದು, ಕೈಯದು ಎಂದು ವಿಂಗಡಿಸಿಕೊಳ್ಳಿ. ಬಟ್ಟೆ ಚಪ್ಪಟೆಯಾಗಿರುವಾಗಲೇ ಆಗಬೇಕಾದ ಕೆಲಸಗಳನ್ನು, ಅಂದರೆ ಜೇಬು, ಕುತ್ತಿಗೆ ಪಟ್ಟಿ, ತೋಳಿನ ಅಂಚುಗಳನ್ನು ಮೊದಲು ಮುಗಿಸಿ, ಪಕ್ಕದ ಹೊಲಿಗೆಗಳನ್ನು ಕೊನೆಗೆ ಇಟ್ಟುಕೊಳ್ಳಿ; ಕೊಳವೆಯಾದ ಮೇಲೆ ಸಣ್ಣ ತೋಳಿನೊಳಗೆ ಬಟ್ಟೆಯನ್ನು ಒತ್ತಿ ಹಿಡಿಯುವ ಯಂತ್ರದ ಫೂಟ್ ತೂರಿಸುವ ಒದ್ದಾಟ ತಪ್ಪುತ್ತದೆ. ಒಂದು ಹೊಲಿಗೆ ಮುಗಿದ ಕೂಡಲೇ ಎದ್ದುಬಿಡಬೇಡಿ. ಮುಂದಿನ ಹೊಲಿಗೆಯ ಎರಡು ತುಂಡುಗಳನ್ನು ಜೋಡಿಸಿ, ಉದ್ದ ಎಳೆಯ ಕಚ್ಚಾ ಹೊಲಿಗೆ ಹಾಕಿ, ಅಲ್ಲಿ ನಿಲ್ಲಿಸಿ. ಚೀಟಿಯಲ್ಲಿ ‘ಮುಂದಿನದು ಎಡ ತೋಳು’ ಎಂದು ಬರೆದು ಅದರ ಜೊತೆಗೇ ಇಡಿ. ನಾಳೆ ಹತ್ತು ನಿಮಿಷ ಸಿಕ್ಕರೆ ಯೋಚಿಸುವುದರಲ್ಲಿ ಅದು ಕಳೆಯುವುದಿಲ್ಲ, ನೇರವಾಗಿ ಹೊಲಿಗೆಗೇ ಸಿಗುತ್ತದೆ. ನಿಮ್ಮ ಫ್ರಾಕು ಚೀಲದಲ್ಲಿ ಉಳಿದಿರುವುದು ಸಮಯವಿಲ್ಲದ್ದಕ್ಕಿಂತ ಹೆಚ್ಚಾಗಿ, ಎಲ್ಲಿಗೆ ಬಿಟ್ಟಿದ್ದಿರಿ ಎಂಬುದು ಮರೆತುಹೋದದ್ದರಿಂದ ಇರಬೇಕೆಂದು ನಮ್ಮ ಅನುಮಾನ.

ಗುಂಡುಸೂಜಿಗಳನ್ನು ಎಣಿಸಿ ತೆಗೆದುಕೊಂಡು ಎಣಿಸಿಯೇ ಇಡಿ. ನೆಲಕ್ಕೆ ಬಿದ್ದುದನ್ನು ಹುಡುಕಲು ಒಂದು ಅಯಸ್ಕಾಂತ ಸಾಕು. ಏಳುವಾಗ ವಿದ್ಯುತ್ ಯಂತ್ರದ ಪ್ಲಗ್ ಕೀಳುವುದನ್ನೂ, ಕಾಲಿನ ಯಂತ್ರವಾದರೆ ಬೆಲ್ಟ್ ಜಾರಿಸಿಡುವುದನ್ನೂ ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ: ಮೇಲೆ ಹೊಲಿಗೆ ಚೆನ್ನಾಗಿ ಕಾಣುತ್ತದೆ, ಬಟ್ಟೆ ತಿರುಗಿಸಿದರೆ ಕೆಳಗೆ ದಾರ ಗುಂಗುರು ಗುಂಗುರಾಗಿ ನೇತಾಡುತ್ತದೆ. ಕೆಳದಾರದ ಉರುಳೆ ಕೂರುವ ಬಾಬಿನ್ ಕೇಸ್ ಬದಲಾಯಿಸಿದರೂ ಸರಿಹೋಗಲಿಲ್ಲ.
— ಹೊಸದಾಗಿ ಹೊಲಿಗೆ ಕಲಿಯುತ್ತಿರುವವರು

ಉತ್ತರ: ಗಂಟು ಕಾಣುವುದು ಕೆಳಗೆ, ತಪ್ಪು ಇರುವುದು ಬಹುಮಟ್ಟಿಗೆ ಮೇಲೆ. 1846ರಲ್ಲಿ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಯಂತ್ರದಲ್ಲಿ ಸೂಜಿಯ ಕಣ್ಣು ಮೊನೆಯ ಬಳಿ ಇತ್ತು. ಆ ಸೂಜಿ ಬಟ್ಟೆಯ ಆಚೆಗೆ ಒಯ್ದ ದಾರದ ಕುಣಿಕೆಯೊಳಗೆ ಎರಡನೆಯ ದಾರ ಹಾದು ಕೊಂಡಿಯಾಗುತ್ತಿತ್ತು. ಇಂದಿನ ಮನೆಯ ಯಂತ್ರಗಳ ನೇರ ಹೊಲಿಗೆಯೂ ಇದೇ ತತ್ವದ್ದು. ಕೊಂಡಿ ಎರಡು ಬಟ್ಟೆಗಳ ನಡುವೆ ಅಡಗಬೇಕಾದರೆ ಎರಡೂ ದಾರಗಳ ಎಳೆತ ಸಮನಾಗಿರಬೇಕು. ಮೇಲಿನ ದಾರ ಸಡಿಲವಾಗಿದ್ದರೆ ಕೆಳಗಿನ ದಾರ ಅದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ನಿಮಗೆ ಕಾಣುತ್ತಿರುವ ಗುಂಗುರು ಅದೇ.

ಹೊಸಬರಲ್ಲಿ ಇದಕ್ಕೆ ಸಾಮಾನ್ಯ ಕಾರಣವೆಂದರೆ ಫೂಟ್ ಕೆಳಗಿಳಿಸಿಕೊಂಡು ದಾರ ಪೋಣಿಸುವುದು. ಹೆಚ್ಚಿನ ಯಂತ್ರಗಳಲ್ಲಿ ಫೂಟ್ ಇಳಿದಿರುವಾಗ ಮೇಲಿನ ದಾರವನ್ನು ಒತ್ತಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಬಿಗಿಯಾಗಿ ಮುಚ್ಚಿಕೊಂಡಿರುತ್ತವೆ, ದಾರ ಅವುಗಳ ನಡುವೆ ಇಳಿಯದೆ ಹೊರಗೇ ಉಳಿಯುತ್ತದೆ. ಫೂಟ್ ಮೇಲೆತ್ತಿ, ದಾರವನ್ನು ಪೂರ್ತಿ ತೆಗೆದು, ಮೊದಲಿನಿಂದ ಪೋಣಿಸಿ. ಆಗಲೂ ಸರಿಹೋಗದಿದ್ದರೆ ಸೂಜಿ ಬದಲಾಯಿಸಿ, ಬಾಬಿನ್ ಕೇಸಿನ ಸುತ್ತ ಕೂತ ನೂಲಿನ ಧೂಳನ್ನು ಬ್ರಷ್‌ನಿಂದ ತೆಗೆಯಿರಿ. ಟೆನ್ಷನ್ ತಿರುಪಿಗೆ ಕೈ ಹಾಕುವುದು ಇವೆಲ್ಲ ಆದ ಮೇಲೆ.

ಸುಮಾರು ಎಂಟು ಗಂಟೆಗಳ ಹೊಲಿಗೆಗೆ ಒಂದು ಸೂಜಿ ಎಂಬುದು ಒಳ್ಳೆಯ ಲೆಕ್ಕ. ತೆಳು ಬಟ್ಟೆಗೆ 70, ಸಾಮಾನ್ಯ ಹತ್ತಿಗೆ 80, ಜೀನ್ಸಿಗೆ 100ನೇ ಅಳತೆಯ ಸೂಜಿ ಹೊಂದುತ್ತದೆ. ಟೀ ಶರ್ಟಿನಂಥ ಹೆಣಿಗೆಯ ಬಟ್ಟೆಗೆ ಮೊನೆ ಗುಂಡಗಿರುವ ಬಾಲ್ ಪಾಯಿಂಟ್ ಸೂಜಿಯೇ ಬೇಕು. ಯಂತ್ರಕ್ಕೆ ಅಡುಗೆಯ ಎಣ್ಣೆ ಬಿಡಬೇಡಿ, ಅದು ಕಾಲಕ್ರಮದಲ್ಲಿ ಅಂಟಾಗಿ ಚಕ್ರವನ್ನೇ ಹಿಡಿದುಬಿಡುತ್ತದೆ.

ಪ್ರಶ್ನೆ: ಮನೆಯವರೆಲ್ಲರ ಹಳೆಯ ಬಟ್ಟೆ ಎರಡು ಪೆಟ್ಟಿಗೆ ತುಂಬ ಇದೆ. ಅಂಗಿ, ಲಂಗ, ಜೀನ್ಸ್, ಮಕ್ಕಳ ಟೀ ಶರ್ಟು, ಒಂದೆರಡು ರೇಷ್ಮೆಯವೂ ಇವೆ. ಎಲ್ಲವನ್ನೂ ಸೇರಿಸಿ ಒಂದು ಕೌದಿ ಹೊಲಿಯಬಹುದೇ? ಎಷ್ಟು ದಿನ ಬೇಕಾದೀತು?
— ನಿವೃತ್ತರೊಬ್ಬರು

ಉತ್ತರ: ಸಂಸಾರದ ನಡುವೆ ಹೊಲಿಯಲು ಕೌದಿಗಿಂತ ಅನುಕೂಲವಾದ ವಸ್ತು ಇನ್ನೊಂದಿಲ್ಲವೆಂದು ನಮ್ಮ ಅಭಿಪ್ರಾಯ, ಏಕೆಂದರೆ ಅದು ಮೊದಲೇ ತುಂಡುಗಳಾಗಿ ಇರುವಂಥದು, ಯಾವ ತುಂಡಿನಲ್ಲಿ ನಿಲ್ಲಿಸಿದರೂ ಕೆಡುವುದಿಲ್ಲ. ಆದರೆ ಎಲ್ಲವನ್ನೂ ಸೇರಿಸಬೇಕೆಂಬ ಹಂಬಲವನ್ನು ಸ್ವಲ್ಪ ಬಿಡಬೇಕಾಗುತ್ತದೆ. ಪ್ರತಿಯೊಂದು ಬಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡಿ. ಮೊಣಕೈ, ಮೊಣಕಾಲು, ಕುಳಿತುಕೊಳ್ಳುವ ಭಾಗಗಳಲ್ಲಿ ಎಳೆಗಳು ಸವೆದು ಬೆಳಕು ಹಾಯುತ್ತಿರುತ್ತದೆ. ಅಂಗಿಯ ಬೆನ್ನು, ಲಂಗದ ಕೆಳಭಾಗ, ಪ್ಯಾಂಟಿನ ಕಾಲುಗಳ ಹಿಂಭಾಗ ಗಟ್ಟಿಯಾಗಿರುತ್ತವೆ. ಗಟ್ಟಿ ಭಾಗದಿಂದ ಮಾತ್ರ ತುಂಡು ತೆಗೆಯಿರಿ. ಸವೆದ ತುಂಡು ಕೌದಿಯಲ್ಲಿ ಎರಡು ಒಗೆತಕ್ಕೆ ಹರಿದರೆ ಸುತ್ತಲಿನ ನಾಲ್ಕನ್ನೂ ಬಿಚ್ಚಬೇಕಾಗುತ್ತದೆ.

ರೇಷ್ಮೆಯನ್ನು ದಯವಿಟ್ಟು ಬೇರೆ ಇಡಿ. ಅದು ಹತ್ತಿಯ ಜೊತೆ ಪದೇ ಪದೇ ಒಗೆಸಿಕೊಂಡು ಬಾಳುವುದಿಲ್ಲ. ಟೀ ಶರ್ಟು ಹಿಗ್ಗುತ್ತದೆ, ಆದ್ದರಿಂದ ಅದರ ಹಿಂಬದಿಗೆ ಕಾಲರಿಗೆ ಹಚ್ಚುವಂಥ ತೆಳು ಫ್ಯೂಸಿಂಗ್ ಬಟ್ಟೆಯನ್ನು ಇಸ್ತ್ರಿಯಿಂದ ಅಂಟಿಸಿ, ಆಮೇಲೆ ಕತ್ತರಿಸಿ. ಜೀನ್ಸನ್ನು ಅದರದೇ ಕೌದಿಗೆ ಉಳಿಸಿಕೊಳ್ಳುವುದು ಮೇಲು. ತೆಳು ಅಂಗಿ ಬಟ್ಟೆಯ ಪಕ್ಕ ಅದು ಕೂತರೆ, ಒದ್ದೆಯಾದಾಗ ತನ್ನ ಭಾರದಿಂದಲೇ ತೆಳುವಾದದ್ದನ್ನು ಹರಿಯುತ್ತದೆ. ಕೆಂಪು ಮತ್ತು ಕಡುನೀಲಿ ಬಟ್ಟೆ ಹಳೆಯದಾದರೂ ನಂಬಬೇಡಿ: ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿದರೆ ಬಣ್ಣ ಬಿಡುವುದೋ ಇಲ್ಲವೋ ತಿಳಿಯುತ್ತದೆ.

ಲೆಕ್ಕ ಹೀಗೆ ಇಟ್ಟುಕೊಳ್ಳಿ. ಹೊಲಿದ ಮೇಲೆ 6 ಇಂಚು ಚೌಕ ಬರಬೇಕಾದರೆ ಸುತ್ತ ಕಾಲು ಇಂಚು ಅಂಚು ಸೇರಿಸಿ 6.5 ಇಂಚು ಕತ್ತರಿಸಬೇಕು. ಸಾಲಿಗೆ 10ರಂತೆ 12 ಸಾಲು, ಒಟ್ಟು 120 ಚೌಕಗಳಾದರೆ 60 ಇಂಚು ಅಗಲ, 72 ಇಂಚು ಉದ್ದದ ಹೊದಿಕೆಯಾಗುತ್ತದೆ. ಒಂದು ಸಾಲಿನಲ್ಲಿ ಒಂಬತ್ತು ಹೊಲಿಗೆ. ಒಂದು ಬಿಡುವಿಗೆ ಒಂದು ಸಾಲೆಂದು ಇಟ್ಟುಕೊಂಡರೆ ದಿನಗಳ ಲೆಕ್ಕ ನೀವೇ ಹಾಕಬಹುದು. ಕಾಲು ಇಂಚಿನ ವಿಷಯದಲ್ಲಿ ಮಾತ್ರ ಉದಾರರಾಗಬೇಡಿ. ಅಂಚು ಬರಿಯ ಒಂದು ಮಿಲಿಮೀಟರ್ ಹೆಚ್ಚಾದರೆ ಎರಡೂ ತುಂಡುಗಳಿಂದ ಸೇರಿ ಹೊಲಿಗೆಗೆ ಎರಡು ಮಿಲಿಮೀಟರ್ ಹೋಗುತ್ತದೆ, ಒಂಬತ್ತು ಹೊಲಿಗೆಗೆ 18 ಮಿಲಿಮೀಟರ್. ಒಂದು ಸಾಲು ಹೀಗೆ, ಇನ್ನೊಂದು ಹಾಗೆ ಆದರೆ ಎರಡು ಸಾಲುಗಳ ಮೂಲೆಗಳು ಎಂದಿಗೂ ಕೂಡುವುದಿಲ್ಲ. ಫೂಟಿನ ಪಕ್ಕದ ತಟ್ಟೆಯ ಮೇಲೆ ಕಾಲು ಇಂಚಿಗೆ ಒಂದು ಟೇಪು ಅಂಟಿಸಿ, ಬಟ್ಟೆಯ ಅಂಚು ಅದನ್ನು ಸವರಿಕೊಂಡೇ ಹೋಗುವಂತೆ ಹೊಲಿಯಿರಿ. ಇಸ್ತ್ರಿ ಮಾಡುವಾಗ ಮೊದಲ ಸಾಲಿನ ಅಂಚುಗಳನ್ನು ಬಲಕ್ಕೆ, ಎರಡನೆಯದರವನ್ನು ಎಡಕ್ಕೆ ಮಲಗಿಸಿದರೆ ಸಾಲು ಕೂಡಿಸುವಾಗ ಮೂಲೆಗಳು ಒಂದಕ್ಕೊಂದು ತಾವಾಗಿಯೇ ಕಚ್ಚಿಕೊಳ್ಳುತ್ತವೆ.

ಕೌದಿಯ ಕೆಲಸದಲ್ಲಿ ನಿಲ್ಲಿಸಲಾಗದ ಘಟ್ಟವೊಂದಿದೆ, ಅದು ಮೂರು ಪದರ ಕೂಡಿಸುವುದು. ಅಡಿಬಟ್ಟೆ ನಾಲ್ಕೂ ಕಡೆ ಮೂರು ನಾಲ್ಕು ಇಂಚು ದೊಡ್ಡದಾಗಿರಲಿ. ಅದನ್ನು ನೆಲಕ್ಕೆ ಟೇಪಿನಿಂದ ಬಿಗಿದು, ಮೇಲೆ ನಡುಪದರ, ಅದರ ಮೇಲೆ ಚೌಕಗಳ ಬಟ್ಟೆ ಹಾಸಿ, ನಡುವಿನಿಂದ ಅಂಚಿಗೆ ಸವರುತ್ತ ಒಂದು ಮುಷ್ಟಿ ಅಂತರಕ್ಕೊಂದು ಸೇಫ್ಟಿ ಪಿನ್ನು ಹಾಕುತ್ತ ಹೋಗಬೇಕು. ಅಂಚಿನಿಂದ ಶುರುಮಾಡಿದರೆ ಸುಕ್ಕೆಲ್ಲ ನಡುವೆ ಬಂದು ಸೇರುತ್ತದೆ. ಮನೆಯವರು ಸಹಾಯ ಮಾಡುತ್ತೇವೆಂದು ಬಂದರೆ ಆ ಸಂಜೆ ಕರೆಯಿರಿ; ನಾಲ್ಕು ಮೂಲೆಗೆ ನಾಲ್ಕು ಜನ ಬೇಕಾಗುವ ಕೆಲಸ ಹೊಲಿಗೆಯಲ್ಲಿ ಇದೊಂದೇ. ನಡುಪದರಕ್ಕೆ ಹಳೆಯ ಕಂಬಳಿಯೋ ದಪ್ಪ ಹೊದಿಕೆಯೋ ಇದ್ದರೆ ಹೊಲಿಗೆಯ ಸಾಲುಗಳ ನಡುವೆ ಒಂದು ಗೇಣು ಬಿಟ್ಟರೂ ನಡೆಯುತ್ತದೆ. ಬಿಡಿ ಹತ್ತಿ ತುಂಬಿದರೆ ಮಾತ್ರ ಎರಡು ಮೂರು ಇಂಚಿಗೊಂದು ಸಾಲು ಬೇಕು, ಇಲ್ಲವಾದರೆ ಒಗೆದಾಗ ಹತ್ತಿ ಮುದ್ದೆಗಟ್ಟಿ ಒಂದು ಮೂಲೆ ಸೇರುತ್ತದೆ.

ಪ್ರಶ್ನೆ: ಹುಟ್ಟಲಿರುವ ಮೊಮ್ಮಗುವಿಗೆ ಹೊದಿಸಲು ಪುಟ್ಟ ಕೌದಿ ಹೊಲಿಯುತ್ತಿದ್ದೇನೆ. ಎಷ್ಟು ದಪ್ಪ ಇರಬೇಕು?
— ಅಜ್ಜಿಯಾಗಲಿರುವವರು

ಉತ್ತರ: ಹೊಲಿಯಿರಿ, ಆದರೆ ನಿದ್ರಿಸುವ ಕೂಸಿಗೆ ಹೊದಿಸಬೇಡಿ. ಒಂದು ವರ್ಷ ತುಂಬುವ ತನಕ ಮಗು ಮಲಗುವ ಜಾಗದಲ್ಲಿ ಸಡಿಲ ಹೊದಿಕೆ, ಕೌದಿ, ದಿಂಬು ಇರಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸ್ಪಷ್ಟವಾಗಿ ಹೇಳುತ್ತದೆ; ಮುಖಕ್ಕೆ ಬಿದ್ದದ್ದನ್ನು ಸರಿಸಿಕೊಳ್ಳುವ ಶಕ್ತಿ ಆ ವಯಸ್ಸಿಗೆ ಇರುವುದಿಲ್ಲ. ಎಚ್ಚರವಾಗಿರುವಾಗ, ದೊಡ್ಡವರು ಪಕ್ಕದಲ್ಲಿದ್ದು, ನೆಲದ ಮೇಲೆ ಹಾಸಿ ಮಗುವನ್ನು ಆಡಲು ಬಿಡುವ ಹಾಸಾಗಿ ಹೊಲಿಯಿರಿ. ಗುಂಡಿ, ಮಣಿ, ರಿಬ್ಬನ್ ಯಾವುದೂ ಬೇಡ. ತುಸು ದೊಡ್ಡದಾಗಿ, 40 ಇಂಚಿನಷ್ಟು ಚೌಕವಾಗಿ ಮಾಡಿದರೆ ಮುಂದೆ ಓಡಾಡುವ ವಯಸ್ಸಿನಲ್ಲಿ ಹೊದಿಕೆಯೂ ಆದೀತು.

ಪ್ರಶ್ನೆ: ಮಗನಿಗೆ ಹೊಲಿದ ಬಟ್ಟೆ ಆರು ತಿಂಗಳಿಗೆ ಗಿಡ್ಡವಾಗುತ್ತದೆ. ಮೊದಲೇ ದೊಡ್ಡದಾಗಿ ಹೊಲಿದರೆ ಜೋತುಬಿದ್ದಂತೆ ಕಾಣುತ್ತದೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ: ಗಿಡ್ಡವಾಗುತ್ತದೆ ಎಂದಿದ್ದೀರಿ, ಬಿಗಿಯಾಗುತ್ತದೆ ಎಂದಿಲ್ಲ. ಬೆಳೆಯುವ ಮಕ್ಕಳು ಅಗಲಕ್ಕಿಂತ ಬೇಗ ಉದ್ದವಾಗುತ್ತಾರೆ, ಆದ್ದರಿಂದ ಅಗಲವನ್ನು ಇಂದಿನ ಅಳತೆಗೇ ಇಟ್ಟು ಉದ್ದವನ್ನು ಒಳಗೆ ಬಚ್ಚಿಡಿ. ಪ್ಯಾಂಟಿನ ಕೆಳಗೆ 8 ಸೆಂಟಿಮೀಟರಿನಷ್ಟು ಮಡಿಕೆ ಬಿಡಿ. ತೋಳಿನ ಒಳಗೆ ಕಾಣದಂತೆ ಒಂದು ಮಡಿಕೆ ಹಿಡಿದು, 4 ಮಿಲಿಮೀಟರ್ ಉದ್ದದ ಹೊಲಿಗೆ ಹಾಕಿದರೆ ಬೇಕಾದಾಗ ಎಳೆದು ಬಿಚ್ಚಬಹುದು. ಬಿಚ್ಚಿದಾಗ ಹಳೆಯ ಮಡಿಕೆಯ ಗೆರೆ ಉಳಿಯುತ್ತದೆ ಎಂಬುದು ನಿಜ. ಅದರ ಮೇಲೊಂದು ಬೇರೆ ಬಣ್ಣದ ಪಟ್ಟಿ ಹೊಲಿದುಬಿಡಿ. ಮೊದಲಿನಿಂದಲೂ ಹಾಗೆಯೇ ಯೋಚಿಸಿ ಹೊಲಿದಂತೆ ಕಾಣುತ್ತದೆ.

ಪ್ರಶ್ನೆ: ನನಗೆ ಹೊಲಿಗೆ ಬರುತ್ತದೆಂದು ತಿಳಿದಾಗಿನಿಂದ ಬಂಧುಗಳೆಲ್ಲ ಪ್ಯಾಂಟಿನ ಜಿಪ್, ಸಡಿಲಾದ ಸೊಂಟ ತಂದು ಗುಡ್ಡೆ ಹಾಕುತ್ತಾರೆ. ಬೇಡವೆನ್ನಲು ಸಂಕೋಚ.

ಉತ್ತರ: ಬೇಡವೆನ್ನಬೇಡಿ, ಬಿಚ್ಚಿಕೊಂಡು ಬನ್ನಿ ಎನ್ನಿ. ಜಿಪ್ ಬದಲಾಯಿಸುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಹಳೆಯದನ್ನು ಬಿಚ್ಚುವುದಕ್ಕೇ ಹೋಗುತ್ತದೆ. ಬಿಚ್ಚಿ, ಒಗೆದು, ಹೊಸ ಜಿಪ್ಪನ್ನೂ ಜೊತೆಗಿಟ್ಟು ತಂದವರಿಗೆ ಹೊಲಿದುಕೊಡಿ. ಗುಡ್ಡೆ ತಾನಾಗಿಯೇ ಕರಗುತ್ತದೆ.

ಪ್ರಶ್ನೆ: ನಾನೂ ನಮ್ಮ ಅತ್ತೆಯವರೂ ಸೇರಿ ಕೈಯಲ್ಲಿ ಒಂದು ಕೌದಿ ಹೊಲಿಯುತ್ತಿದ್ದೇವೆ. ಅವರ ಹೊಲಿಗೆ ಉದ್ದ, ಸೊಟ್ಟ, ನನ್ನದು ಸಣ್ಣ. ಅವರು ಮಲಗಿದ ಮೇಲೆ ಕೆಲವು ಸಾಲು ಬಿಚ್ಚಿ ಮತ್ತೆ ಹೊಲಿದಿದ್ದೇನೆ. ಅವರಿಗೆ ಗೊತ್ತಾಗಿದೆಯೋ ಏನೋ.
— ಸೊಸೆ

ಉತ್ತರ: ಗೊತ್ತಾಗಿರುತ್ತದೆ. ಕೈಹೊಲಿಗೆ ಕೈಬರಹವಿದ್ದಂತೆ, ತನ್ನದಲ್ಲದ್ದು ಯಾರಿಗೂ ತಿಳಿಯದೆ ಹೋಗುವುದಿಲ್ಲ.

ಅವರ ಹೊಲಿಗೆ ಉದ್ದವಾಗುತ್ತಿರುವುದಕ್ಕೆ ಕಾರಣ ಕಣ್ಣಿರಬಹುದು. ಎಡಗಡೆಯಿಂದ ಬೆಳಕು ಬೀಳುವಂತೆ ಕೂರಿಸಿ (ಎಡಗೈಯಲ್ಲಿ ಹೊಲಿಯುವವರಾದರೆ ಬಲಗಡೆಯಿಂದ), ದೊಡ್ಡ ಕಣ್ಣಿನ ಸೂಜಿ ಕೊಡಿ, ಬಟ್ಟೆಗೆ ಎದ್ದು ಕಾಣುವ ಬಣ್ಣದ ದಾರ ಆರಿಸಿ, ಒಂದು ಮೊಳಕ್ಕಿಂತ ಉದ್ದ ಪೋಣಿಸದೆ ಹತ್ತು ಸೂಜಿಗಳನ್ನು ಬೆಳಗ್ಗೆಯೇ ಪೋಣಿಸಿಡಿ. ಕೌದಿ ಬಾಳಿಕೆ ಬರಲು ಹೊಲಿಗೆ ಸಣ್ಣದಾಗಿರಲೇಬೇಕೆಂದಿಲ್ಲ. ಒಂದೇ ಅಂತರದಲ್ಲಿದ್ದು, ಮೂರೂ ಪದರಗಳನ್ನು ಹಿಡಿದು, ಅತಿಯಾಗಿ ಜಗ್ಗದೆ ಇದ್ದರೆ ಸಾಕು. ಒಬ್ಬರು ಬಿಟ್ಟ ಸಾಲನ್ನು ಇನ್ನೊಬ್ಬರು ಮುಂದುವರಿಸಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ, ಆದ್ದರಿಂದ ಒಂದು ಸಾಲು ಅವರದು, ಒಂದು ಸಾಲು ನಿಮ್ಮದು ಎಂದು ನಡುವಿನಿಂದ ಹೊರಕ್ಕೆ ಹಂಚಿಕೊಳ್ಳಿ. ಆಗ ಅದು ತಪ್ಪಾಗಿ ಕಾಣದೆ ವಿನ್ಯಾಸವಾಗಿ ಕಾಣುತ್ತದೆ. ಈಗಾಗಲೇ ಬಿಚ್ಚಿದ ಸಾಲುಗಳ ಸೂಜಿತೂತುಗಳು ಒಗೆದ ಮೇಲೆ ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತವೆ. ಅದೇ ಜಾಗವನ್ನು ಇನ್ನೊಮ್ಮೆ ಬಿಚ್ಚಿದರೆ ಹಳೆಯ ಬಟ್ಟೆ ತಡೆಯಲಾರದು.